ಬಾಲ ಇಲ್ಲದ ಕಾಡುಪಾಪ

ನಾನು ಹೊಲಿದ ಮೊದಲ ಕಾಡುಪಾಪದ, ಅಂದರೆ ಸ್ಲೆಂಡರ್ ಲೋರಿಸ್ ಅನ್ನುವ ಪುಟ್ಟ ಕಾಡುಪ್ರಾಣಿಯ, ಗೊಂಬೆಯನ್ನು ನೋಡಿ ಅಕ್ಕನ ಮಗ ಕೇಳಿದ್ದು ಒಂದೇ ಮಾತು: “ಚಿಕ್ಕಮ್ಮಾ, ಇದು ಗೂಬೆನಾ?” ಎರಡನೆಯದನ್ನು ಪಾಂಡಾ ಅಂದ. ಮೂರನೆಯದಕ್ಕೆ ಏನೂ ಹೇಳಲಿಲ್ಲ. ಅದೇ ಜಾಸ್ತಿ ಬೇಜಾರಾಯಿತು.

ತುಮಕೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವಳು ನಾನು. ಬಾಗಿಲ ತೋರಣಕ್ಕೆ, ಸ್ಕೂಲ್ ಬ್ಯಾಗಿಗೆ ನೇತುಹಾಕುವ ಪುಟ್ಟ ಫೆಲ್ಟ್ ಗೊಂಬೆ ಮಾಡೋಣ ಅನ್ನಿಸಿತು. ಆನೆ, ಗಿಳಿ ಎಲ್ಲರೂ ಮಾಡುತ್ತಾರೆ. ನಮ್ಮ ಜಿಲ್ಲೆಯ ಪ್ರಾಣಿಗಳೇ ಆಗಬೇಕು ಅಂತ ನನ್ನ ಹಟ. ನಾಗವಲ್ಲಿ ಕಡೆಯ ಕಾಡುಪಾಪ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗ.

ನನ್ನ ಟೈಲರ್ ಬುದ್ಧಿಯೇ ಮೊದಲು ಕೈ ಕೊಟ್ಟಿತು. ಅಭ್ಯಾಸಬಲದಿಂದ ಮಾರ್ಜಿನ್ ಬಿಟ್ಟು, ಒಳಗಿನಿಂದ ಹೊಲಿದು, ಮಗುಚಲು ಹೋದೆ. 8 ಸೆಂಟಿಮೀಟರ್ ಗೊಂಬೆಯ ಕೈಯನ್ನು ಮಗುಚುವುದು ಅಂದರೆ ಸೂಜಿ ಕಣ್ಣಿಗೆ ಹಗ್ಗ ಪೋಣಿಸಿದ ಹಾಗೆ. ಆಮೇಲೆ ಹೊಳೆಯಿತು. ಫೆಲ್ಟ್ ನೇಯ್ದ ಬಟ್ಟೆ ಅಲ್ಲ, ಎಳೆಗಳನ್ನು ಒತ್ತಿ ಒಂದಾಗಿಸಿದ್ದು. ಕತ್ತರಿಸಿದ ಅಂಚು ಬಿಚ್ಚಿಕೊಳ್ಳುವುದೇ ಇಲ್ಲ. ಹಾಗಿದ್ದ ಮೇಲೆ ಯಾಕೆ ಮಗುಚಬೇಕು? ಎರಡು ತುಂಡು ಜೋಡಿಸಿ, ಹೊರಗಿನಿಂದಲೇ ಅಂಚನ್ನು ಸುತ್ತಿ ಹಿಡಿಯುವ ಬ್ಲಾಂಕೆಟ್ ಹೊಲಿಗೆ ಹಾಕಿದರೆ ಸಾಕು. ಕಸೂತಿ ದಾರದ ಆರು ಎಳೆಯಲ್ಲಿ ಎರಡೇ ಎಳೆ ತೆಗೆದುಕೊಳ್ಳಬೇಕು. ಮೂರು ಹಾಕಿದರೆ ಅಂಚು ಗೋಣಿಚೀಲದ ಬಾಯಿಯ ಥರ ಕಾಣುತ್ತದೆ.

ಪ್ರಾಜೆಕ್ಟಿಗೆ ಅಂತ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಗಟ್ಟಿ ಫೆಲ್ಟ್ ಶೀಟು ಪಾಲಿಯೆಸ್ಟರಿನದು. ಮಡಿಕೆ ಹೋಗಲಿ ಅಂತ ಇಸ್ತ್ರಿ ಇಟ್ಟೆ. ಕರಗಿ ಪೆಟ್ಟಿಗೆಗೇ ಅಂಟಿತು. ತಾತನ ಹಳೇ ಕಂಬಳಿಯ ತುಂಡನ್ನೂ ನೋಡಿದೆ. ಬಣ್ಣ ಕಾಡುಪಾಪದ್ದೇ, ಬೂದಿ ಕಂದು. ಆದರೆ ಅದು ನೇಯ್ದದ್ದು, ಕತ್ತರಿಸಿದ ಕಡೆಯೆಲ್ಲ ಎಳೆ ಬಿಚ್ಚಿತು. ಬಿಸಿನೀರಲ್ಲಿ ನೆನೆಸಿದರೆ ಉಣ್ಣೆ ಗಟ್ಟಿಯಾಗುತ್ತದಲ್ವಾ ಅಂತ ಅದನ್ನೂ ಮಾಡಿದೆ. ಕಂಬಳಿಗೆ ಹಾಕಿದ್ದ ಹುಣಸೆ ಬೀಜದ ಗಂಜಿ ಬಿಟ್ಟುಕೊಂಡಿತು, ಒರಟು ಕೂದಲು ಮಾತ್ರ ಒಂದಕ್ಕೊಂದು ಹಿಡಿದುಕೊಳ್ಳಲೇ ಇಲ್ಲ. ಕೊನೆಗೆ ಉಣ್ಣೆ ಬೆರೆಸಿದ ಮೆತ್ತನೆ ಫೆಲ್ಟನ್ನು ಬೆಂಗಳೂರಿಂದ ತರಿಸಿದೆ.

ಇನ್ನು ಮುಖ. ನನ್ನ ದಿನಗಳೆಲ್ಲ ತಿಂದಿದ್ದು ಇದೇ. ಕಣ್ಣು ಮೇಲಿಟ್ಟೆ, ಗೂಬೆ ಆಯಿತು. ಮುದ್ದಾಗಿ ಕಾಣಲಿ ಅಂತ ದೂರ ದೂರ ಇಟ್ಟೆ, ಪಾಂಡಾ ಆಯಿತು. ಆಮೇಲೆ ಫೋಟೋಗಳನ್ನು ಸರಿಯಾಗಿ ನೋಡಿದೆ. ಕಾಡುಪಾಪದ ಕಣ್ಣುಗಳು ಒಂದಕ್ಕೊಂದು ಅಂಟಿದಷ್ಟು ಹತ್ತಿರ ಇವೆ. ಸುತ್ತ ಕಪ್ಪು ಕಂದು ಮಚ್ಚೆ. ನಡುವೆ ಮೂಗಿನವರೆಗೆ ಒಂದು ಬಿಳಿ ಗೆರೆ. 2 ಮಿಲಿಮೀಟರ್ ಅಗಲದ ಬಿಳಿ ಪಟ್ಟಿ ಕತ್ತರಿಸಿ ಮಧ್ಯೆ ಹೊಲಿದೆ, ಎರಡೂ ಕಣ್ಣನ್ನು ಅದಕ್ಕೆ ತಾಗಿಸಿ ಕೂರಿಸಿದೆ. ಅವತ್ತು ಹುಡುಗ ತಾನಾಗಿಯೇ “ಕಾಡುಪಾಪ!” ಅಂದ. ಕಣ್ಣಿನ ಹೊಳಪಿಗೆ ಒಂದೊಂದು ಬಿಳಿ ಹೊಲಿಗೆ ಹಾಕುತ್ತೇನೆ, ಎರಡೂ ಒಂದೇ ಕಡೆ. ಒಂದು ಎಡಕ್ಕೆ, ಒಂದು ಬಲಕ್ಕೆ ಹಾಕಿ ಒಂದನ್ನು ಮೆಳ್ಳಗಣ್ಣು ಮಾಡಿದ್ದೂ ಇದೆ. ಮುಖದ ಕೆಲಸವೆಲ್ಲ ಮುಗಿದ ಮೇಲೇ ಹಿಂಬದಿ ಜೋಡಿಸಬೇಕು. ಇಲ್ಲದಿದ್ದರೆ ಗಂಟು ಅಡಗಿಸಲು ಜಾಗವೇ ಇರುವುದಿಲ್ಲ.

ಆ ಮೂರನೆಯದಕ್ಕೆ ಉದ್ದನೆ ಬಾಲ ಬೇರೆ ಹೊಲಿದಿದ್ದೆ. ನಾಗವಲ್ಲಿ ಕಡೆಯ ನೆಂಟರೊಬ್ಬರು ನೋಡಿ ನಕ್ಕೇ ನಕ್ಕರು. ಕಾಡುಪಾಪಕ್ಕೆ ಎಲ್ಲಿಯ ಬಾಲ!

ಕೈಕಾಲು ಕಡ್ಡಿಯಷ್ಟು ಸಣ್ಣ. 5 ಮಿಲಿಮೀಟರ್ ಅಗಲಕ್ಕೆ ಎರಡು ಬದಿ ಹೊಲಿದರೆ ಹತ್ತಿ ತುಂಬಲು ಏನುಳಿಯಿತು? ಈಗ ಕೈಕಾಲಿಗೆ ತುಂಬುವುದೇ ಇಲ್ಲ. ಸೆಂಟಿಮೀಟರ್ ಅಗಲದ ಪಟ್ಟಿ ಮಡಚಿ ಹೊಲಿದು, ಮೈಯ ಎರಡು ಪದರದ ನಡುವೆ ಸಿಕ್ಕಿಸುತ್ತೇನೆ. ಮೈಯನ್ನು ಮಾತ್ರ ಬೇಕಾದ್ದಕ್ಕಿಂತ ಸ್ವಲ್ಪ ಅಗಲ ಕತ್ತರಿಸಬೇಕು, ತುಂಬಿದಾಗ ಅದು ಕುಗ್ಗುತ್ತದೆ. ಜಾಸ್ತಿ ತುಂಬಿದರೆ ಹೊಲಿಗೆಯ ಸಂದಿಯಿಂದ ಬಿಳಿ ಇಣುಕುತ್ತದೆ.

ನೇತುಹಾಕಿದರೆ ಇನ್ನೊಂದು ತರಲೆ. ಒಂದು ಕೈ ಮೇಲೆತ್ತಿ ಕೊಂಬೆ ಹಿಡಿದ ಹಾಗೆ ಮಾಡಿದ್ದೆ. ನೆತ್ತಿಯ ನಡುವೆ ದಾರ ಕಟ್ಟಿದರೆ ಪಾಪ ಕುಡಿದವನ ಹಾಗೆ ಓರೆ ವಾಲಿತು. ಅದಕ್ಕೇ ಈಗ ಕುಣಿಕೆ ಹೊಲಿಯುವ ಮೊದಲು ಗುಂಡುಪಿನ್ನಿಗೆ ದಾರ ಕಟ್ಟಿ, ನೆತ್ತಿಯ ಅಲ್ಲಲ್ಲಿ ಚುಚ್ಚಿ ಎತ್ತಿ ನೋಡುತ್ತೇನೆ. ನೆಟ್ಟಗೆ ನಿಂತ ಕಡೆ ಕುಣಿಕೆ.

ಕೃಷ್ಣಮೃಗದ ಕಥೆ ಇನ್ನೂ ನಡೆಯುತ್ತಿದೆ. ಕಪ್ಪು ಮೈ, ಬಿಳಿ ಹೊಟ್ಟೆ, ಕಣ್ಣಿನ ಸುತ್ತ ಬಿಳಿ ಬಳೆ, ಇದೆಲ್ಲ ಸುಲಭ. ತಿರುಚಿದ ಕೊಂಬೇ ಕಷ್ಟ. ಫೆಲ್ಟ್ ಪಟ್ಟಿ ಜೋತುಬಿತ್ತು. ತಂತಿ ಹಾಕಿದರೆ ಚೆನ್ನಾಗಿ ನಿಂತಿತು, ಆದರೆ ಮಕ್ಕಳಿಗೆ ಚುಚ್ಚುತ್ತದೆ, ಬೇಡ. ಫೆವಿಕಾಲ್ ನೀರಲ್ಲಿ ನೆನೆಸಿದ ದಪ್ಪ ದಾರವನ್ನು ಕಡ್ಡಿಗೆ ಸುತ್ತಿ ಒಣಗಿಸಿ, ಕಡ್ಡಿ ಎಳೆದೆ. ಬೇಸಿಗೆಯಲ್ಲಿ ಕೊಂಬು ಗಟ್ಟಿ. ಮಳೆಗಾಲದಲ್ಲಿ ಮೆತ್ತಗಾಗಿ ಕಿವಿಯ ಹಾಗೆ ಇಳಿಬೀಳುತ್ತದೆ. ಸದ್ಯಕ್ಕೆ ಹೆಣ್ಣು ಜಿಂಕೆಗಳನ್ನೇ ಹೊಲಿಯುತ್ತಿದ್ದೇನೆ. ಅವಕ್ಕೆ ಕೊಂಬಿಲ್ಲ.