ಮರ ಹತ್ತುವ ಹಗ್ಗದ ಕವಚ: ಮನೆಯದ್ದೋ, ಅಂಗಡಿಯದ್ದೋ?

ಮಳೆಗಾಲಕ್ಕೆ ಮೊದಲು ಗೆಲ್ಲು ಕಡಿಯಲು ಹಗ್ಗ ಕಟ್ಟಿ ಹತ್ತುವವರಿಗೆ ಒಂದು ಮಾತು. ಬದಿಯಡ್ಕದ ನಮ್ಮ ತೋಟದಲ್ಲಿ ಹಲಸಿನ ಕವಲಿಗೆ ಹಗ್ಗ ಉಜ್ಜದಂತೆ ಬೆಂಕಿ ನಂದಿಸುವ ಹಳೆಯ ಕ್ಯಾನ್ವಾಸ್ ಪೈಪಿನ ತುಂಡು ತೊಡಿಸುತ್ತೇನೆ. ಖರ್ಚಿಲ್ಲ, ಮೇಣವೂ ಹಗ್ಗಕ್ಕೆ ಅಂಟುವುದಿಲ್ಲ. ಆದರೆ ಹಗ್ಗ ಅಲುಗದೆ ನಿಲ್ಲುವ ಕಡೆ ಮಾತ್ರ ಇದು ಸಾಕು.

ಹಗ್ಗ ಓಡುವ ಕಡೆ ಕವಲಿಗೆ ಲೋಹದ ಬಳೆ ಕಟ್ಟಿ, ಅದರೊಳಗೆ ಹಗ್ಗ ತೂರಿಸುವುದುಂಟು. ನಮ್ಮ ಭಾರವೆಲ್ಲ ಆ ಬಳೆಯ ಮೇಲೆ ಬೀಳುವುದಾದರೆ ಕಂಪೆನಿಯದ್ದೇ ಕೊಳ್ಳಿ. ಎಷ್ಟು ಕಿಲೋನ್ಯೂಟನ್ (ಎಳೆತದ ಬಲದ ಅಳತೆ) ತಡೆಯುತ್ತದೆ ಅಂತ ಅದರ ಮೇಲೆ ಅಚ್ಚಾಗಿರಬೇಕು. ಊರಲ್ಲಿ ವೆಲ್ಡಿಂಗ್ ಮಾಡಿಸಿದ ಬಳೆಯ ಒಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ ಅಲ್ವಾ?

ಪಿವಿಸಿ ಪೈಪ್ ಬೇಡವೇ ಬೇಡ. ನಾನೊಮ್ಮೆ ಸುಮ್ನೆ ಹಾಕಿ ನೋಡಿದ್ದೆ. ಹಗ್ಗ ಓಡಿದ ಬಿಸಿಗೆ ಮೆತ್ತಗಾಗಿ, ಬೆರಳಗಲದ ಕಚ್ಚು ಬಿದ್ದಿತ್ತು. ಅದು 80 ಡಿಗ್ರಿ ಸುಮಾರಿಗೇ ಮೆದುವಾಗುತ್ತದೆ. ಕಟ್ಟುವ ಮೊದಲು ಕವಚದೊಳಗೆ ಬೆರಳಾಡಿಸಿ. ಮರಳು ಸಿಕ್ಕಿದರೆ ತೊಳೆದು ನೆರಳಲ್ಲಿ ಒಣಗಿಸಿ.