ರೊಟ್‌ಗಿಪ್‌ಫ್ಲರ್ ಕುಡಿಯುವ ಮುಂಚೆ ಅದನ್ನು ಫ್ರಿಜ್‌ನಿಂದ ಹೊರಗಿಡಿ

ಆಸ್ಟ್ರಿಯಾದ ಬಿಳಿ ವೈನ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಗ್ರೂನರ್ ವೆಲ್ಟ್‌ಲೀನರ್ ಹೆಸರು. ಅಲ್ಲಿನ ದ್ರಾಕ್ಷಿ ತೋಟಗಳಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಅದೇ ಇದೆ, ಹಾಗಾಗಿ ಆಶ್ಚರ್ಯವಿಲ್ಲ. ಆದರೆ ನಾನು ಹೇಳಹೊರಟಿರುವುದು ರೊಟ್‌ಗಿಪ್‌ಫ್ಲರ್ ಅನ್ನುವ ಇನ್ನೊಂದು ದ್ರಾಕ್ಷಿ, ಅದರಿಂದ ಮಾಡುವ ಅದೇ ಹೆಸರಿನ ವೈನ್ ಬಗ್ಗೆ. ವಿಯೆನ್ನಾದ ದಕ್ಷಿಣಕ್ಕೆ ಬಿಸಿನೀರಿನ ಬುಗ್ಗೆಗಳಿಂದಲೇ ಹೆಸರು ಪಡೆದ ಟೆರ್ಮೆನ್‌ರೆಗಿಯೋನ್ ಅನ್ನುವ ಸೀಮೆಯಿದೆ. ಅಲ್ಲಿ ಗುಂಪೋಲ್ಡ್ಸ್‌ಕಿರ್ಖೆನ್ ಊರಿನ ಸುತ್ತಮುತ್ತ ಬಿಟ್ಟರೆ ಈ ದ್ರಾಕ್ಷಿ ಬೇರೆಲ್ಲೂ ಸಿಗುವುದು ಅಪರೂಪ. ಬಳ್ಳಿಯ ಚಿಗುರಿನ ತುದಿ ಕೆಂಪಗೆ ಇರುತ್ತದೆ, ಹೆಸರು ಬಂದಿದ್ದು ಅದರಿಂದ. ಹಣ್ಣು ಮಾತ್ರ ಬಿಳಿ ಜಾತಿಯದ್ದೇ.

ಮೊದಲು ಲೇಬಲ್ ನೋಡಿ. ‘ಟ್ರೊಕನ್’ ಅಂತಿದ್ದರೆ ಸಿಹಿ ಇಲ್ಲದ್ದು. ‘ಹಾಲ್ಬ್‌ಟ್ರೊಕನ್’ ಅಂದರೆ ಸ್ವಲ್ಪ ಸಿಹಿ. ಮುಚ್ಚಳದ ಮೇಲೆ ಕೆಂಪು-ಬಿಳಿ-ಕೆಂಪು ಪಟ್ಟಿ ಇದೆಯಾ ನೋಡಿ, ಅಲ್ಲಿನ ಸರ್ಕಾರಿ ಪರೀಕ್ಷೆ ದಾಟಿ ಬಂದ ಬಾಟಲಿಗೆ ಅದಿರುತ್ತದೆ.

ಮುಂದಿನದೇ ಮುಖ್ಯವಾದದ್ದು, ನಾನು ಎಡವಿದ್ದೂ ಅಲ್ಲೇ. ಮೊದಲ ಸಲ ಫ್ರಿಜ್‌ನಿಂದ ತೆಗೆದವನೇ ಗ್ಲಾಸಿಗೆ ಸುರಿದು ಕುಡಿದೆ, ತಣ್ಣಗಿನ ನೀರಿಗೆ ನಿಂಬೆ ಹಿಂಡಿದಂತಿತ್ತು, ಇಷ್ಟಕ್ಕಾ ದುಡ್ಡು ಕೊಟ್ಟಿದ್ದು ಅಂತ ಬೇಜಾರಾಗಿ ಗ್ಲಾಸನ್ನು ಮೇಜಿನ ಮೇಲೆ ಬಿಟ್ಟು ಅಡುಗೆಮನೆಗೆ ಹೋದೆ. ಅರ್ಧ ಗಂಟೆ ಬಿಟ್ಟು ಬಂದು ಮೂಸಿದರೆ ಬೇರೆಯೇ ವೈನ್! ಇದು ಮೈತುಂಬಿದ ವೈನ್, ಆಲ್ಕೋಹಾಲ್ 13-14 ಪರ್ಸೆಂಟ್ ಇರುವುದು ಸಾಮಾನ್ಯ. ಜಾಸ್ತಿ ತಣ್ಣಗಿದ್ದರೆ ಘಮ ಮೇಲೇಳುವುದೇ ಇಲ್ಲ, ಬರೀ ಹುಳಿ ಎದ್ದು ಕಾಣುತ್ತದೆ. 10-12 ಡಿಗ್ರಿ ಸಾಕು. ಅಂದರೆ ಕುಡಿಯುವ 20 ನಿಮಿಷ ಮುಂಚೆ ಬಾಟಲಿ ಹೊರಗಿಡಿ.

ಹೊಟ್ಟೆ ಅಗಲವಾಗಿ ಬಾಯಿ ಕಿರಿದಾಗಿರುವ ಗ್ಲಾಸು ತಗೊಂಡು ಕಾಲು ಭಾಗ ಮಾತ್ರ ಸುರಿಯಿರಿ. ಅಲ್ಲಾಡಿಸದೆ ಒಮ್ಮೆ ಮೂಸಿ, ಆಮೇಲೆ ಗಿರ್ರನೆ ತಿರುಗಿಸಿ ಇನ್ನೊಮ್ಮೆ ಮೂಸಿ. ನನಗೆ ಮೊದಲು ಸಿಗುವುದು ಪಿಯರ್ ಹಣ್ಣು, ತಿರುಗಿಸಿದ ಮೇಲೆ ಮಾಗಿದ ಮಾವು. ನಿಮಗೆ ಕರಬೂಜ ಅನಿಸಿದರೆ ಅದೂ ಸರಿ, ಇದೇನು ಪರೀಕ್ಷೆ ಅಲ್ವಲ್ಲ. ಒಂದು ಗುಟುಕನ್ನು ಬಾಯಿತುಂಬಾ ಆಡಿಸಿ ನುಂಗಿ, ಸುಮ್ನೆ ಕೂತುಕೊಳ್ಳಿ. ಕೊನೆಗೆ ನಾಲಿಗೆಯ ಹಿಂದೆ ಬಾದಾಮಿ ಸಿಪ್ಪೆಯಂಥ ಸಣ್ಣ ಕಹಿ ಉಳಿದರೆ ಅದು ದೋಷವಲ್ಲ, ನನಗಂತೂ ಅದೇ ಇಷ್ಟ.

ಹುಳಿ ಸಾಲದು ಅನಿಸಿತಾ? ಊರಿನವರು ಇದಕ್ಕೆ ಹಿಂದಿನಿಂದಲೂ ದಾರಿ ಕಂಡುಕೊಂಡಿದ್ದಾರೆ. ತ್ಸೀರ್‌ಫಾಂಡ್ಲರ್ ಅನ್ನುವ ಇನ್ನೊಂದು ದ್ರಾಕ್ಷಿಗೆ ಹುಳಿ ಜಾಸ್ತಿ. ತಡವಾಗಿ ಕೆಂಪಾಗುವುದರಿಂದ ಅದಕ್ಕೆ ಶ್ಪೇಟ್‌ರೋಟ್ ಅಂತಲೂ ಕರೆಯುತ್ತಾರೆ. ಎರಡನ್ನೂ ಬೆರೆಸಿದ್ದು ಶ್ಪೇಟ್‌ರೋಟ್-ರೊಟ್‌ಗಿಪ್‌ಫ್ಲರ್.

ಇನ್ನು ಊಟ. ಅಲ್ಲಿ ಹೊಯ್ರಿಗರ್ ಅಂತ ವೈನ್ ಮಾಡುವವರೇ ನಡೆಸುವ ಅಂಗಡಿಗಳಿವೆ, ತೆರೆದಿದೆ ಅನ್ನುವುದಕ್ಕೆ ಬಾಗಿಲ ಮೇಲೆ ಹಸಿರು ಕೊಂಬೆಗಳ ಗೊಂಚಲು ನೇತುಹಾಕುತ್ತಾರೆ. ‘ಆಖ್ಟೆಲ್’ ಅಂತ ಕೇಳಿದರೆ 125 ಮಿಲಿ ಕೊಡುತ್ತಾರೆ. ಜೊತೆಗೆ ಲಿಪ್ಟವರ್ ತಗೊಳ್ಳಿ. ಮೆತ್ತನೆ ಚೀಸ್‌ಗೆ ಕೆಂಪು ಪಾಪ್ರಿಕಾ, ಸೀಮೆ ಜೀರಿಗೆ, ಈರುಳ್ಳಿ ಕಲಸಿ ಬ್ರೆಡ್ಡಿಗೆ ಸವರುವ ಪದಾರ್ಥ ಅದು, ಈ ವೈನಿಗೆ ಇದಕ್ಕಿಂತ ಒಳ್ಳೆ ಜೋಡಿ ನನಗೆ ಸಿಕ್ಕಿಲ್ಲ. ಹುರಿದ ಹಂದಿಮಾಂಸ, ಬ್ರೆಡ್ ಪುಡಿ ಹಚ್ಚಿ ಕರಿದ ಕೋಳಿಯೂ ಹೊಂದುತ್ತದೆ. ವಿನೆಗರ್ ಸುರಿದ ಸಲಾಡ್ ಬೇಡ, ವೈನ್ ಸಪ್ಪೆಯಾಗುತ್ತದೆ.

ನಮ್ಮ ಅಡುಗೆಗೆ? ಖಾರದ ಜೊತೆ ಆಲ್ಕೋಹಾಲ್ ಸೇರಿದರೆ ಉರಿ ಇನ್ನೂ ಏರುತ್ತದೆ, ಕೋಳಿ ಸುಕ್ಕದ ಜೊತೆ ಟ್ರೊಕನ್ ಕುಡಿದು ನಾನು ಕಣ್ಣೀರು ಹಾಕಿದ್ದೇನೆ. ತೆಂಗಿನಹಾಲು ಹಾಕಿದ ತೆಳು ಮೀನಿನ ಸಾರಿಗೆ ಹಾಲ್ಬ್‌ಟ್ರೊಕನ್ ಇರಲಿ.

ಬಾಟಲಿ ಉಳಿದರೆ ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಡಿ, ಎರಡು ಮೂರು ದಿನ ತೊಂದರೆಯಿಲ್ಲ. ಮರುದಿನ ಕುಡಿಯುವಾಗಲೂ ಅದೇ 20 ನಿಮಿಷ ಕಾಯಿರಿ.