ಸುಮ್ಮನಿದ್ದಾಗಲೂ 58 ಡಿಗ್ರಿ: ಹೊಸ ಪಿಸಿಯ ಬಿಸಿಯ ಮೂಲ ಹುಡುಕಿದ ಬಗೆ

ಹೊಸದಾಗಿ ಜೋಡಿಸಿದ ಡೆಸ್ಕ್‌ಟಾಪ್. ಪ್ರೊಸೆಸರ್ ಇಂಟೆಲ್ ಕೋರ್ ಐ5 12400, ಮೇಲೆ 120 ಮಿ.ಮೀ. ಫ್ಯಾನಿನ ಟವರ್ ಕೂಲರ್ (ಲೋಹದ ರೆಕ್ಕೆಗಳಿರುವ ಎತ್ತರದ ಕೂಲರ್), ಕೋಣೆಯ ಉಷ್ಣತೆ 27 ಡಿಗ್ರಿ. ಒಂದು ಪ್ರೋಗ್ರಾಮೂ ತೆರೆದಿಲ್ಲ, ಆದರೂ ಸಿಪಿಯು 58 ಡಿಗ್ರಿಯಿಂದ ಕೆಳಗಿಳಿಯುತ್ತಿಲ್ಲ. ಇಂಥ ಜೋಡಿಯಲ್ಲಿ ಐಡಲ್ ಉಷ್ಣತೆ, ಅಂದರೆ ಕೆಲಸವಿಲ್ಲದೆ ಸುಮ್ಮನಿದ್ದಾಗಿನ ಉಷ್ಣತೆ, ಕೋಣೆಗಿಂತ ಐದರಿಂದ ಹತ್ತು ಡಿಗ್ರಿ ಹೆಚ್ಚಿದ್ದರೆ ಸರಿ. ಇಲ್ಲಿ 31 ಡಿಗ್ರಿ ಹೆಚ್ಚಿತ್ತು.

ಈ ಹಂತದಲ್ಲಿ ಹೆಚ್ಚಿನವರ ಕೈ ನೇರ ಥರ್ಮಲ್ ಪೇಸ್ಟಿನ (ಸಿಪಿಯುವಿನಿಂದ ಕೂಲರಿಗೆ ಶಾಖ ದಾಟಿಸಲು ನಡುವೆ ಹಚ್ಚುವ ಪೇಸ್ಟ್) ಟ್ಯೂಬಿಗೆ ಹೋಗುತ್ತದೆ. ನಾನು ಮೊದಲು ನೋಡುವುದು ವ್ಯಾಟ್. ಸಿಪಿಯು ಬಿಸಿಯಾಗಿದೆ ಎಂದರೆ ಒಂದೋ ಅದು ಹೆಚ್ಚು ಶಾಖ ಹುಟ್ಟಿಸುತ್ತಿದೆ, ಇಲ್ಲವೇ ಹುಟ್ಟಿದ ಶಾಖಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದು ಸೆಟ್ಟಿಂಗ್‌ನಲ್ಲಿ ಸರಿಹೋಗುತ್ತದೆ, ಎರಡನೆಯದಕ್ಕೆ ಸ್ಕ್ರೂಡ್ರೈವರ್ ಬೇಕು. ಯಾವುದು ಎಂದು ತಿಳಿಯದೆ ಕೂಲರ್ ಕಳಚಿದರೆ ಅರ್ಧ ದಿನ ಹೋಗುತ್ತದೆ, ಪೇಸ್ಟೂ ಹಾಳು.

ಅಳೆಯುವ ಮುನ್ನ ಐಡಲ್ ನಿಜಕ್ಕೂ ಐಡಲ್ ಆಗಿರಬೇಕು. ಬಯಾಸ್ (ವಿಂಡೋಸ್ ಶುರುವಾಗುವ ಮುನ್ನ ತೆರೆಯಬಹುದಾದ, ಬೋರ್ಡಿನದೇ ಸೆಟ್ಟಿಂಗ್) ಪರದೆಯಲ್ಲಿ ಕಾಣುವ ಉಷ್ಣತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅಲ್ಲಿ ಕೋರ್‌ಗಳು (ಪ್ರೊಸೆಸರಿನೊಳಗೆ ಕೆಲಸ ಮಾಡುವ ಘಟಕಗಳು) ನಿದ್ದೆಗೆ ಜಾರುವುದಿಲ್ಲ, ಹಾಗಾಗಿ ಅಂಕಿ ಯಾವಾಗಲೂ ಮೇಲಿರುತ್ತದೆ. ಆಗತಾನೆ ಇನ್‌ಸ್ಟಾಲ್ ಮಾಡಿದ ವಿಂಡೋಸ್ ಹಿನ್ನೆಲೆಯಲ್ಲಿ ಅಪ್‌ಡೇಟ್ ಇಳಿಸುತ್ತಾ, ಫೈಲುಗಳ ಇಂಡೆಕ್ಸ್ ಮಾಡುತ್ತಾ ಇರುತ್ತದೆ. ಅದೆಲ್ಲ ಮುಗಿದು ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಬಳಕೆ 1–2 ಶೇಕಡಕ್ಕೆ ಇಳಿದ ಮೇಲೆ ಇನ್ನೂ ಹತ್ತು ನಿಮಿಷ ಬಿಟ್ಟೆ. ಪವರ್ ಪ್ಲಾನ್ ಬ್ಯಾಲೆನ್ಸ್ಡ್‌ನಲ್ಲಿಟ್ಟೆ. ಹೈ ಪರ್ಫಾರ್ಮೆನ್ಸ್‌ನಲ್ಲಿದ್ದರೆ ಪ್ರೊಸೆಸರಿನ ಕನಿಷ್ಠ ಮಟ್ಟ 100 ಶೇಕಡ ಆಗಿರುತ್ತದೆ. ಆರ್‌ಜಿಬಿ ದೀಪಗಳ ಸಾಫ್ಟ್‌ವೇರನ್ನೂ ಮುಚ್ಚಿದೆ, ಇವು ಸೆನ್ಸರ್‌ಗಳನ್ನು ಮತ್ತೆ ಮತ್ತೆ ಕೆದಕಿ ಕೋರ್‌ಗಳನ್ನು ಎಬ್ಬಿಸುತ್ತಲೇ ಇರುತ್ತವೆ.

ಆಮೇಲೆ ಎಚ್‌ಡಬ್ಲ್ಯುಇನ್ಫೋದಲ್ಲಿ (ಸೆನ್ಸರ್ ಅಂಕಿಗಳನ್ನು ತೋರಿಸುವ ಪ್ರೋಗ್ರಾಮ್) ಎರಡೇ ಸಾಲು ನೋಡಿದೆ: ಸಿಪಿಯು ಪ್ಯಾಕೇಜ್ ಉಷ್ಣತೆ, ಸಿಪಿಯು ಪ್ಯಾಕೇಜ್ ಪವರ್, ಅಂದರೆ ಇಡೀ ಸಿಪಿಯುವಿನ ಉಷ್ಣತೆ ಮತ್ತು ಅದು ಬಳಸುವ ವಿದ್ಯುತ್. ಪವರ್ ಬರೀ 14 ವ್ಯಾಟ್. ಅಂದರೆ ಪ್ರೊಸೆಸರ್ ಸುಮ್ಮನೆಯೇ ಇದೆ, ಸೆಟ್ಟಿಂಗ್‌ನದು ತಪ್ಪಿಲ್ಲ. ಈಗ ಸಣ್ಣ ಲೆಕ್ಕ: 58ರಲ್ಲಿ 27 ಕಳೆದರೆ 31, ಅದನ್ನು 14ರಿಂದ ಭಾಗಿಸಿದರೆ ಪ್ರತಿ ವ್ಯಾಟಿಗೆ 2.2 ಡಿಗ್ರಿ. ಸರಿಯಾಗಿ ಕೂತ ಟವರ್ ಕೂಲರಿನಲ್ಲಿ ಇದು ಅರ್ಧ ಡಿಗ್ರಿಯ ಆಸುಪಾಸು. ಪೇಸ್ಟ್ ತುಸು ಹೆಚ್ಚೋ ಕಡಿಮೆಯೋ ಆಗಿದ್ದರೆ ಇಷ್ಟು ದೊಡ್ಡ ಅಂತರ ಬರುವುದೇ ಇಲ್ಲ. ಕೂಲರ್ ಸಿಪಿಯುವನ್ನು ಮುಟ್ಟುತ್ತಿದೆಯೇ ಎಂಬುದೇ ಅನುಮಾನ.

ಖಾತ್ರಿಗೆ ಇನ್ನೊಂದು ಪರೀಕ್ಷೆ ಇದೆ. ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುವ ಸಿನೆಬೆಂಚ್ ಪ್ರೋಗ್ರಾಮ್ ಓಡಿಸಿ ಉಷ್ಣತೆ ಏರುವ ವೇಗ ಗಮನಿಸಬೇಕು. ಕೇಸಿನೊಳಗೆ ಗಾಳಿ ಆಡದಿದ್ದರೆ ಅಥವಾ ಕೂಲರ್ ಚಿಕ್ಕದಾಗಿದ್ದರೆ ಉಷ್ಣತೆ ನಿಮಿಷಗಟ್ಟಲೆ ನಿಧಾನಕ್ಕೆ ಹತ್ತುತ್ತದೆ, ಏಕೆಂದರೆ ಕೂಲರಿನ ಲೋಹ ಮೊದಲು ಕಾಯಬೇಕು. ಇಲ್ಲಿ ಮೂರೇ ಸೆಕೆಂಡಿನಲ್ಲಿ 100 ಡಿಗ್ರಿ ಮುಟ್ಟಿತು. ಅದು ಈ ಪ್ರೊಸೆಸರಿನ ಗರಿಷ್ಠ ಮಿತಿ, ಅಲ್ಲಿಗೆ ಅದು ತಾನಾಗಿಯೇ ವೇಗ ತಗ್ಗಿಸಿಕೊಂಡು 35 ವ್ಯಾಟಿಗೆ ಇಳಿಯಿತು. ಎಲ್ಲ ಕೋರ್‌ಗಳೂ 4 ಗಿಗಾಹರ್ಟ್ಸ್‌ನಲ್ಲಿ ಓಡಬೇಕಾದದ್ದು 3ಕ್ಕಿಂತ ಕೆಳಗೆ ಬಂತು. ಆ ಹೊತ್ತಿನಲ್ಲಿ ಕೂಲರಿನ ರೆಕ್ಕೆಗಳ ಮೇಲೆ ಬೆರಳಿಟ್ಟರೆ ಬೆಚ್ಚಗೂ ಇಲ್ಲ. ಒಳಗೆ ಕುದಿಯುತ್ತಿದೆ, ಮೇಲೆ ತಣ್ಣಗಿದೆ. ಶಾಖ ಮೇಲಕ್ಕೆ ಹತ್ತುತ್ತಲೇ ಇಲ್ಲ ಎನ್ನಲು ಇಷ್ಟು ಸಾಕು.

ಪವರ್ ಕೇಬಲ್ ಕಿತ್ತು, ಕೇಸನ್ನು ಅಡ್ಡ ಮಲಗಿಸಿ ಕೂಲರ್ ತೆಗೆದೆ. ತೆಗೆದ ತಕ್ಷಣ ಒರೆಸಬಾರದು. ಪೇಸ್ಟಿನ ಅಚ್ಚು ಎಲ್ಲವನ್ನೂ ಹೇಳುತ್ತದೆ. ಚೆನ್ನಾಗಿ ಕೂತಿದ್ದರೆ ಪೇಸ್ಟ್ ತೆಳ್ಳಗೆ ಹರಡಿ, ನಡುವೆ ಲೋಹ ಇಣುಕುತ್ತಿರುತ್ತದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿದ್ದರೆ ಕೂಲರ್ ವಾಲಿ ಕೂತಿದೆ ಎಂದರ್ಥ. ಇಲ್ಲಿ ಕಂಡದ್ದು ಕೂಲರಿನ ತಳದಲ್ಲಿ ಹೆಬ್ಬೆರಳಿನ ಉಗುರಿನಷ್ಟಗಲದ ಒಂದು ವೃತ್ತ ಮಾತ್ರ. ಸಿಪಿಯು ಮೇಲೆ ಪೇಸ್ಟ್ ಹಾಕಿದ ಗುಡ್ಡೆ ಹಾಗೇ ನಿಂತಿತ್ತು, ತುದಿ ಮಾತ್ರ ಚಪ್ಪಟೆ. ಸುತ್ತ ಉಳಿದ ಜಾಗವೆಲ್ಲ ಗಾಳಿ.

ಕಾರಣ ಸ್ಟ್ಯಾಂಡ್‌ಆಫ್‌ಗಳು, ಅಂದರೆ ಬ್ಯಾಕ್‌ಪ್ಲೇಟಿಗೆ (ಬೋರ್ಡಿನ ಹಿಂಬದಿಯ ಆಧಾರ ಪಟ್ಟಿ) ತಿರುಪಿ ಕೂಲರನ್ನು ಹೊರುವ ನಾಲ್ಕು ಪುಟ್ಟ ಕಂಬಗಳು. ಎಲ್‌ಜಿಎ 1700 ಸಾಕೆಟ್‌ನಲ್ಲಿ (ಈ ಸಿಪಿಯು ಕೂರುವ ಜಾಗ) ಕೂಲರ್ ಬಿಗಿಯುವ ತೂತುಗಳ ಅಂತರ 78 ಮಿ.ಮೀ., ಹಿಂದಿನ ಎಲ್‌ಜಿಎ 1200ರಲ್ಲಿ 75. ಅದಕ್ಕಿಂತ ಮುಖ್ಯವಾಗಿ, 1700ರಲ್ಲಿ ಸಿಪಿಯು ಸುಮಾರು ಮುಕ್ಕಾಲು ಮಿ.ಮೀ. ತಗ್ಗಿನಲ್ಲಿ ಕೂರುತ್ತದೆ. ಈ ಕೂಲರಿನ ಬ್ಯಾಕ್‌ಪ್ಲೇಟ್ ಜಾರುವ ತೂತಿನದು, ಎರಡೂ ಅಂತರಕ್ಕೆ ಹೊಂದುತ್ತದೆ. ಪೆಟ್ಟಿಗೆಯಲ್ಲಿ ನೋಡಲು ಒಂದೇ ಥರದ ಎರಡು ಕಟ್ಟು ಸ್ಟ್ಯಾಂಡ್‌ಆಫ್ ಇದ್ದವು. ಎದುರುಬದುರು ನಿಲ್ಲಿಸಿದಾಗಷ್ಟೇ ಒಂದು ಕಟ್ಟು ಕೂದಲೆಳೆಯಷ್ಟು ಗಿಡ್ಡ ಎಂದು ಗೊತ್ತಾಯಿತು. ಹಾಕಿದ್ದು ಎತ್ತರದ್ದು. ಸ್ಕ್ರೂಗಳು ಕೊನೆಯವರೆಗೂ ಗಟ್ಟಿಯಾಗಿ ತಿರುಗಿ ನಿಂತಿದ್ದರಿಂದ ಎಲ್ಲ ಸರಿಯಿದೆ ಎನಿಸಿತ್ತು. ಆದರೆ ಅವು ಬಿಗಿದದ್ದು ಕಂಬಕ್ಕೆ, ಸಿಪಿಯುವಿಗಲ್ಲ. ಕೂತ ಕೂಲರನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿ ನೋಡಿ. ಸುಲಭವಾಗಿ ಅಲುಗಿದರೆ ಒತ್ತಡ ಇಲ್ಲ.

ಗಿಡ್ಡ ಕಂಬ ಹಾಕಿದೆ. ಎರಡೂ ಮೇಲ್ಮೈಯನ್ನು 99 ಶೇಕಡ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನಾರು ಬಿಡದ ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟೆ. ಈ ಸಿಪಿಯು ಉದ್ದಚೌಕ, ಒಳಗಿನ ಚಿಪ್ಪೂ ಉದ್ದಕ್ಕೆ ಮಲಗಿದೆ. ಹಾಗಾಗಿ ಒಂದು ಬೊಟ್ಟಿನ ಬದಲು ಉದ್ದಕ್ಕೆ ಎರಡು ಸೆಂ.ಮೀ. ಗೆರೆ ಎಳೆದೆ. ಕೂಲರನ್ನು ನೇರ ಕೆಳಗಿಳಿಸಿ, ಎರಡು ಸ್ಕ್ರೂಗಳನ್ನೂ ಮೊದಲು ಎರಡು ಸುತ್ತಷ್ಟೇ ಹಿಡಿಸಿ, ಆಮೇಲೆ ಅತ್ತ ಎರಡು ಸುತ್ತು, ಇತ್ತ ಎರಡು ಸುತ್ತು ಎಂದು ಬಿಗಿದೆ. ಒಂದನ್ನೇ ಪೂರ್ತಿ ತಿರುಗಿಸಿದರೆ ಪೇಸ್ಟ್ ಒಂದು ಕಡೆಗೆ ಹಿಂಡಿಹೋಗುತ್ತದೆ.

ಈಗ ಐಡಲ್ 12 ವ್ಯಾಟ್, 34 ಡಿಗ್ರಿ. ಸಿನೆಬೆಂಚ್ ಹತ್ತು ನಿಮಿಷ ಓಡಿಸಿದಾಗ 75 ವ್ಯಾಟಿನಲ್ಲಿ 62 ಡಿಗ್ರಿಗೆ ನಿಂತಿತು. ಲೆಕ್ಕ ಹಾಕಿದರೆ ಪ್ರತಿ ವ್ಯಾಟಿಗೆ ಅರ್ಧ ಡಿಗ್ರಿಗೂ ಕಡಿಮೆ.

ಲೆಕ್ಕ ಹೀಗೇ ಕೆಟ್ಟದಾಗಿ ಬಂದರೆ ನೋಡಬೇಕಾದ ಬೇರೆ ಜಾಗಗಳೂ ಇವೆ. ಇಂಟೆಲ್ ಜೊತೆ ಬರುವ ಕೂಲರಿನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಕಚ್ಚಿಕೊಳ್ಳದೇ ಇರಬಹುದು. ಬೋರ್ಡಿನ ಹಿಂಬದಿಯಿಂದ ನೋಡಿದರೆ ನಾಲ್ಕೂ ಕಡೆ ಬಿಳಿ ಕಾಲು ಸೀಳಿ ನಡುವೆ ಕಪ್ಪು ಮೊಳೆ ಇಣುಕಬೇಕು. ತಳದ ರಕ್ಷಣಾ ಫಿಲ್ಮ್ ಕಿತ್ತಿದ್ದೀರಾ ನೋಡಿ. ನೀರಿನ ಕೂಲರಾದರೆ ಬಯಾಸ್‌ನಲ್ಲಿ ಪಂಪಿನ ಆರ್‌ಪಿಎಂ ಸೊನ್ನೆ ಇರಬಾರದು. ಪಂಪ್ ನಿಂತಿದ್ದರೆ ಐಡಲ್‌ನಲ್ಲೇ ಉಷ್ಣತೆ ತಡೆಯಿಲ್ಲದೆ ಏರುತ್ತಾ ಹೋಗುತ್ತದೆ, ರೇಡಿಯೇಟರ್ ಮಾತ್ರ ತಣ್ಣಗೇ ಇರುತ್ತದೆ. ಎಎಂಡಿ ಪ್ರೊಸೆಸರಿನ ಎಎಂ4 ಸಾಕೆಟ್ ಬೋರ್ಡಿನಲ್ಲಿ ಕೂಲರ್ ತೆಗೆಯುವ ಮುನ್ನ ಐದು ನಿಮಿಷ ಲೋಡ್ ಕೊಟ್ಟು ಪೇಸ್ಟ್ ಮೆತ್ತಗಾಗಿಸಿ, ಆಫ್ ಮಾಡಿ, ಕೂಲರನ್ನು ತಿರುಚಿ ಬಿಡಿಸಿ. ನೇರ ಮೇಲಕ್ಕೆ ಎಳೆದರೆ ಸಿಪಿಯು ಪಿನ್ ಸಮೇತ ಸಾಕೆಟ್‌ನಿಂದ ಕಿತ್ತುಬರುತ್ತದೆ.

ಎಎಂಡಿಯ ರೈಜನ್ 5000, 7000 ಸರಣಿಯ ಹೆಚ್ಚಿನ ಡೆಸ್ಕ್‌ಟಾಪ್ ಚಿಪ್‌ಗಳ ಮಾತು ಬೇರೆ. ಅವು ಐಡಲ್‌ನಲ್ಲೂ 20–35 ವ್ಯಾಟ್ ತಿನ್ನುತ್ತವೆ, ಕೋರ್‌ಗಳ ಶಾಖವೆಲ್ಲ ಒಂದು ಚಿಕ್ಕ ಚಿಪ್ಲೆಟ್‌ನಲ್ಲಿ (ಪ್ರೊಸೆಸರಿನೊಳಗಿನ ಸಣ್ಣ ಚಿಪ್ ತುಂಡು) ಹುಟ್ಟುತ್ತದೆ. 40–50 ಡಿಗ್ರಿ, ನಡುನಡುವೆ ಹತ್ತು ಹದಿನೈದು ಡಿಗ್ರಿಯ ಜಿಗಿತ, ಇವು ದೋಷವಲ್ಲ. ಕೂಲರ್ ಮುಟ್ಟುವ ಅಗತ್ಯವಿಲ್ಲ. ಬಯಾಸ್‌ನ ಫ್ಯಾನ್ ಕರ್ವ್ (ಯಾವ ಉಷ್ಣತೆಗೆ ಫ್ಯಾನ್ ಎಷ್ಟು ವೇಗ ಎಂಬ ಗೆರೆ) ಅನ್ನು 60 ಡಿಗ್ರಿವರೆಗೆ ಸಮತಟ್ಟಾಗಿಟ್ಟು, ಫ್ಯಾನ್ ವೇಗ ಏರಲು 2–3 ಸೆಕೆಂಡ್ ತಡ ಇಟ್ಟರೆ ಫ್ಯಾನು ಸುಮ್ಮಸುಮ್ಮನೆ ಗುಂಯ್‌ಗುಡುವುದು ನಿಲ್ಲುತ್ತದೆ.